ಬಾವಿ ಬತ್ತಿತು, ಹೊಲ ಬಿರಿಯಿತು: ಕೆಳಗಿನ ಕಲ್ಲಿದ್ದಲು ಗಣಿ ಕಾರಣವಾ ಅಂತ ಪತ್ತೆ ಹಚ್ಚುವುದು ಹೇಗೆ?

ರಾಯಚೂರಿನ ಶಕ್ತಿನಗರದ ವಿದ್ಯುತ್ ಸ್ಥಾವರಕ್ಕೆ ರೈಲಿನಲ್ಲಿ ಬರುವ ಕಲ್ಲಿದ್ದಲಿನಲ್ಲಿ ಒಂದು ಪಾಲು ತೆಲಂಗಾಣದ ಸಿಂಗರೇಣಿ ಗಣಿಗಳದ್ದು. ಆ ಸೀಮೆಯಲ್ಲಿ 1889ರಿಂದ ಕಲ್ಲಿದ್ದಲು ತೆಗೆಯುತ್ತಾ ಬಂದಿದ್ದಾರೆ. ಈಗ ಹೆಚ್ಚಿನ ಕಲ್ಲಿದ್ದಲು ಬರುವುದು ತೆರೆದ ಗಣಿಗಳಿಂದ. ಆದರೂ ಕೊತ್ತಗೂಡೆಂ, ರಾಮಗುಂಡಂ, ಮಂದಮರ್ರಿ, ಶ್ರೀರಾಂಪುರದ ಕಡೆ ಹೊಲ, ಮನೆ, ಕೆರೆಗಳ ಅಡಿಯಲ್ಲಿ ಭೂಗತ ಗಣಿಗಳಿವೆ. ಕೆಲವು ನಡೆಯುತ್ತಿವೆ, ಕೆಲವು ಮುಚ್ಚಿವೆ. ನಮ್ಮ ಮನೆಯ ದೀಪಕ್ಕೆ ಕಲ್ಲಿದ್ದಲು ಕೊಟ್ಟ ಜಾಗದಲ್ಲಿ ಯಾರದೋ ಬಾವಿ ಬತ್ತಿದ್ದರೆ, ಅದಕ್ಕೆ ಕಾರಣ ಏನು ಅಂತ ಸರಿಯಾಗಿ ಗೊತ್ತಾಗಲೇಬೇಕು. ಈ ಬರಹ ಅದಕ್ಕಾಗಿ.

ಇಂಥ ಊರುಗಳಲ್ಲಿ ಎರಡು ಮಾತು ಕೇಳಿಬರುತ್ತವೆ. ಊರಿನವರು “ಎಲ್ಲಾ ಗಣಿಯಿಂದಲೇ ಆಗಿದ್ದು” ಅನ್ನುತ್ತಾರೆ. ಗಣಿಯ ಕಡೆಯವರು “ಎರೆಮಣ್ಣು, ಬೇಸಿಗೆ, ಮಳೆ ಕಮ್ಮಿ” ಅನ್ನುತ್ತಾರೆ. ಎರಡೂ ಕೆಲವು ಸಲ ನಿಜ. ಯಾವುದು ಯಾವಾಗ ನಿಜ ಅಂತ ತಿಳಿಯುವುದಕ್ಕೆ ದುಬಾರಿ ಉಪಕರಣವೇನೂ ಬೇಡ. ಎಲ್ಲಿ ಆಯಿತು, ಯಾವಾಗ ಆಯಿತು, ಆಗ ಕೆಳಗೆ ಏನು ಕೆಲಸ ನಡೆದಿತ್ತು? ಈ ಮೂರಕ್ಕೆ ಉತ್ತರ ಸಿಕ್ಕಿದರೆ ಮುಕ್ಕಾಲು ಕೆಲಸ ಮುಗಿಯಿತು. ಜನ ಹೆಚ್ಚಾಗಿ ಬಿಟ್ಟುಬಿಡುವುದು ಎರಡನೆಯದನ್ನು. ಬಿರುಕಿನ ಫೋಟೋ ಇರುತ್ತದೆ, ತಾರೀಕು ಇರುವುದಿಲ್ಲ. ಕಚೇರಿಯಲ್ಲಿ ಮೇಜಿನ ಆ ಕಡೆ ಕೂತವರು ಮೊದಲು ಹಿಡಿಯುವುದೇ ಅದನ್ನು.

ಮೊದಲು ಜೀವ, ಆಮೇಲೆ ಪತ್ತೆ

ನೆಲದಲ್ಲಿ ದಿಢೀರ್ ಗುಂಡಿ ಬಿದ್ದಿದ್ದರೆ ಅಂಚಿಗೆ ಹೋಗಿ ಇಣುಕಬೇಡಿ. ಮೇಲಿನಿಂದ ಕಾಣುವ ಬಾಯಿಗಿಂತ ಒಳಗಿನ ಹೊಟ್ಟೆ ಅಗಲವಾಗಿರಬಹುದು. ದನ ಕಟ್ಟುವ ಜಾಗ ಬದಲಿಸಿ, ಸುತ್ತ ಬೇಲಿ ಹಾಕಿ, ಗಣಿ ಕಚೇರಿಗೂ ತಹಶೀಲ್ದಾರರಿಗೂ ತಿಳಿಸಿ.

ಬಾವಿ ಒಮ್ಮೆಲೇ ಬತ್ತಿದ್ದರೆ ಅದರೊಳಗೆ ಇಳಿಯಬೇಡಿ, ಯಾರನ್ನೂ ಇಳಿಸಬೇಡಿ. ಹಳೇ ಗಣಿಯೊಳಗಿನ ಗಾಳಿಯಲ್ಲಿ ಆಮ್ಲಜನಕ ಕಮ್ಮಿ, ಇಂಗಾಲದ ಡೈಆಕ್ಸೈಡ್ ಜಾಸ್ತಿ. ಬಿರುಕಿನ ಮೂಲಕ ಅದು ಬಾವಿಯ ತಳಕ್ಕೆ ಬಂದು ನಿಲ್ಲಬಹುದು. ಮೋಡ ಕವಿದು ವಾಯುಭಾರ ಇಳಿದ ದಿನ ಇನ್ನೂ ಜಾಸ್ತಿ ಬರುತ್ತದೆ. ದೀಪ ಇಳಿಸಿ ನೋಡುವ ಹಳೇ ರೂಢಿಯೂ ಇಲ್ಲಿ ಬೇಡ, ಏಕೆಂದರೆ ಬಂದಿರುವುದು ಮೀಥೇನ್ ಆಗಿದ್ದರೆ ಹೊತ್ತಿಕೊಳ್ಳುತ್ತದೆ. ಬಿರುಕಿನಿಂದ ಹೊಗೆ, ಬಿಸಿ ಗಾಳಿ, ಡಾಂಬರಿನಂಥ ವಾಸನೆ ಬರುತ್ತಿದ್ದರೆ ಕೆಳಗೆ ಕಲ್ಲಿದ್ದಲಿಗೆ ಬೆಂಕಿ ಹತ್ತಿರಬಹುದು. ಜಾರ್ಖಂಡಿನ ಝರಿಯಾದಲ್ಲಿ 1916ರಲ್ಲಿ ಕಂಡ ಬೆಂಕಿ ನೂರು ವರ್ಷ ದಾಟಿದರೂ ಪೂರ್ತಿ ಆರಿಲ್ಲ. ಅಂಥ ಕಡೆ ಪತ್ತೆ ಕೆಲಸ ನಿಮ್ಮದಲ್ಲ, ಜಾಗ ಬಿಡುವುದಷ್ಟೇ ನಿಮ್ಮದು.

ಕೆಳಗೆ ಏನಾಗುತ್ತದೆ?

ನಮ್ಮ ದೇಶದ ಭೂಗತ ಗಣಿಗಳಲ್ಲಿ ಹೆಚ್ಚಿನವು ಬೋರ್ಡ್ ಆಂಡ್ ಪಿಲ್ಲರ್ ಪದ್ಧತಿಯವು. ಮೊದಲು ಕಲ್ಲಿದ್ದಲಿನ ಪದರದಲ್ಲಿ ಅಡ್ಡ ಉದ್ದ ಗ್ಯಾಲರಿ, ಅಂದರೆ ಸುರಂಗದ ದಾರಿ, ಕೊರೆದು, ನಡುವೆ ಕಲ್ಲಿದ್ದಲಿನ ಕಂಬಗಳನ್ನು ಬಿಡುತ್ತಾರೆ. ಗ್ಯಾಲರಿ 4.8 ಮೀಟರಿಗಿಂತ ಅಗಲ ಇರಬಾರದು, 3 ಮೀಟರಿಗಿಂತ ಎತ್ತರ ಇರಬಾರದು ಅಂತ ನಿಯಮ. ಈ ಹಂತದಲ್ಲಿ ಮೇಲಿನ ನೆಲಕ್ಕೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಎರಡನೇ ಹಂತದಲ್ಲಿ ಆ ಕಂಬಗಳನ್ನೂ ತೆಗೆಯುತ್ತಾರೆ. ಇದೇ ಡಿಪಿಲ್ಲರಿಂಗ್. ಕಂಬ ಹೋದ ಮೇಲೆ ಛಾವಣಿಯ ಬಂಡೆ ಕುಸಿದು ಬೀಳುತ್ತದೆ. ಅದರ ಮೇಲಿನ ಬಂಡೆ ಬಿರಿಯುತ್ತದೆ, ಅದಕ್ಕೂ ಮೇಲಿನದು ಬಾಗುತ್ತದೆ. ಕೊನೆಗೆ ನೆಲವೇ ಇಳಿಯುತ್ತದೆ. ಲಾಂಗ್‌ವಾಲ್ ಪದ್ಧತಿಯಲ್ಲೂ, ಅಂದರೆ ಕಂಬ ಬಿಡದೆ ಉದ್ದನೆಯ ಸಾಲಾಗಿ ಪದರವನ್ನು ಪೂರ್ತಿ ತೆಗೆಯುತ್ತಾ ಹೋಗುವಲ್ಲೂ, ಮೇಲೆ ಕಾಣುವ ಪರಿಣಾಮ ಹೀಗೇ. ಆದರೆ ಅಲ್ಲಿ ಅದು ದೊಡ್ಡ ಪ್ರಮಾಣದಲ್ಲಿ, ಬೇಗ ಆಗುತ್ತದೆ.

ಎಷ್ಟು ಇಳಿಯುತ್ತದೆ? ಬಂಡೆ ಕುಸಿಯಲು ಬಿಟ್ಟರೆ, ತೆಗೆದ ಪದರದ ದಪ್ಪದಲ್ಲಿ ಅರ್ಧಕ್ಕಿಂತ ಜಾಸ್ತಿ ಮೇಲೆ ಕಾಣಿಸಿಕೊಳ್ಳಬಹುದು. 3 ಮೀಟರ್ ದಪ್ಪ ತೆಗೆದಿದ್ದರೆ ಹೊಲದ ನಡುವೆ ಆಳೆತ್ತರದ ತಗ್ಗು ಆಗಬಹುದು ಅಂತಾಯಿತು. ಖಾಲಿ ಜಾಗಕ್ಕೆ ನೀರಿನ ಜೊತೆ ಮರಳು ತುಂಬಿಸಿದ್ದರೆ, ಅಂದರೆ ಸ್ಯಾಂಡ್ ಸ್ಟೋಯಿಂಗ್ ಆಗಿದ್ದರೆ, ಕುಸಿತ ತೀರಾ ಕಮ್ಮಿ. ಹಾಗಾಗಿ ಗಣಿ ಕಚೇರಿಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಇದು: ನಮ್ಮ ಸರ್ವೆ ನಂಬರಿನ ಕೆಳಗೆ ಕಂಬ ತೆಗೆದಿದ್ದೀರಾ? ತೆಗೆದಿದ್ದರೆ ಮರಳು ತುಂಬಿದ್ದೀರಾ?

ಹಗ್ಗದ ಮಂಚದ ಮೇಲೆ ಕೂತಾಗ ನಡುವೆ ತಗ್ಗಾಗಿ ಅಂಚಿನ ಹಗ್ಗ ಬಿಗಿಯುತ್ತದಲ್ವಾ, ನೆಲವೂ ಹಾಗೇ. ಗಣಿಯಲ್ಲಿ ಒಂದು ಸಲಕ್ಕೆ ಕಲ್ಲಿದ್ದಲು ತೆಗೆಯುವ ಭಾಗಕ್ಕೆ ಪ್ಯಾನಲ್ ಅನ್ನುತ್ತಾರೆ. ಅದರ ಅಂಚಿನ ಮೇಲೆ ನೆಲ ಎಳೆತಕ್ಕೆ ಸಿಕ್ಕಿ ಬಿರಿಯುತ್ತದೆ. ನಡುವೆ ಒತ್ತಿಕೊಂಡು, ಬಿರಿಯದೆ ಸುಮ್ನೆ ಕೆಳಗಿಳಿಯುತ್ತದೆ. ಅಕ್ಕಪಕ್ಕದ ಇಬ್ಬರು ರೈತರಲ್ಲಿ ಒಬ್ಬನ ಹೊಲ ಪೂರ್ತಿ ಬಿರುಕು, ಇನ್ನೊಬ್ಬನದರಲ್ಲಿ ಬಿರುಕೇ ಇಲ್ಲ ಅನ್ನುವುದಕ್ಕೆ ಇದೇ ಕಾರಣ. ಬಿರುಕಿಲ್ಲದವನ ಹೊಲದಲ್ಲಿ ಮುಂದಿನ ಮಳೆಗೆ ನೀರು ನಿಲ್ಲುತ್ತದೆ. ಇಬ್ಬರದೂ ಒಂದೇ ಕುಸಿತ. “ನಿನ್ನ ಹೊಲದಲ್ಲಿ ಬಿರುಕಿಲ್ಲವಲ್ಲ” ಅಂತ ಎರಡನೆಯವನ ಅರ್ಜಿ ವಾಪಸ್ ಕಳಿಸುವುದು ಅನ್ಯಾಯ.

ನಕ್ಷೆ ಮತ್ತು ನೋಟ್‌ಬುಕ್

ಊರಿನ ನಕ್ಷೆ ತೆಗೆದುಕೊಂಡು ಬಿರುಕು, ಬತ್ತಿದ ಬಾವಿ, ವಾಲಿದ ಕಂಬ, ನೀರು ನಿಂತ ಜಾಗ ಎಲ್ಲವನ್ನೂ ಗುರುತು ಮಾಡಿ. ಪ್ರತಿ ಗುರುತಿನ ಪಕ್ಕ ಮೊದಲು ಕಂಡ ತಾರೀಕು ಬರೆಯಿರಿ. ನೆನಪಿಲ್ಲದಿದ್ದರೆ ಹಬ್ಬ, ಬಿತ್ತನೆ, ಮದುವೆ ಹಿಡಿದು ಹಿಂದಕ್ಕೆ ಲೆಕ್ಕ ಹಾಕಿ.

ಆಮೇಲೆ ಗಣಿ ಕಚೇರಿಯಿಂದ ಆ ಭಾಗದ ಪ್ಯಾನಲ್ ನಕ್ಷೆ, ಪದರದ ಆಳ ಮತ್ತು ದಪ್ಪ, ಡಿಪಿಲ್ಲರಿಂಗ್ ಶುರುವಾದ ಹಾಗೂ ಮುಗಿದ ತಾರೀಕು ಕೇಳಿ. ಸರ್ಕಾರಿ ಕಂಪನಿಯಾದರೆ ಮಾಹಿತಿ ಹಕ್ಕು ಕಾಯ್ದೆಯಲ್ಲಿ ಅರ್ಜಿ ಹಾಕಬಹುದು. ಗಣಿಯ ಪರಿಸರ ಅನುಮತಿ ಪತ್ರವನ್ನೂ, ಕಂಪನಿ ಆರು ತಿಂಗಳಿಗೊಮ್ಮೆ ಕೊಡಬೇಕಾದ ಷರತ್ತು ಪಾಲನೆಯ ವರದಿಯನ್ನೂ ತೆಗೆಸಿ. ನೆಲ ಕುಸಿತದ ಅಳತೆ, ಸುತ್ತಲ ಬಾವಿಗಳ ನೀರಿನ ಮಟ್ಟ ಇರಬೇಕಾದ್ದು ಅದರಲ್ಲೇ.

ಕುಸಿತದ ಪ್ರಭಾವ ಪ್ಯಾನಲಿನ ನೇರ ಮೇಲೆ ಮಾತ್ರ ಇರುವುದಿಲ್ಲ, ಹೊರಕ್ಕೂ ಹರಡುತ್ತದೆ. ಬ್ರಿಟನ್ನಿನ ಗಣಿಗಳಲ್ಲಿ ಇದಕ್ಕೆ ಪ್ಯಾನಲ್ ಅಂಚಿನಿಂದ ನೇರ ಮೇಲಕ್ಕೆಳೆದ ಗೆರೆಯಿಂದ ಹೊರಕ್ಕೆ 35 ಡಿಗ್ರಿ ಕೋನ ಹಿಡಿಯುತ್ತಿದ್ದರು. ಆ ಲೆಕ್ಕಕ್ಕೆ 200 ಮೀಟರ್ ಆಳದ ಗಣಿಯ ಪ್ರಭಾವ ಅಂಚಿನಿಂದ 140 ಮೀಟರ್ ಆಚೆಗೂ ಬರುತ್ತದೆ. ಗಟ್ಟಿ ಮರಳುಗಲ್ಲು ಇರುವ ನಮ್ಮ ಗಣಿಗಳಲ್ಲಿ ಸಾಮಾನ್ಯವಾಗಿ ಅಷ್ಟು ದೂರ ಹೋಗುವುದಿಲ್ಲ. ಕೋನ 20 ಡಿಗ್ರಿ ಆದರೆ ಸುಮಾರು 73 ಮೀಟರ್. ನಿಮ್ಮ ಮನೆ ಅಂಚಿನಿಂದ ಅರ್ಧ ಕಿಲೋಮೀಟರ್ ಆಚೆ ಇದ್ದು ಗಣಿ 200 ಮೀಟರ್ ಆಳದಲ್ಲಿದ್ದರೆ, ಗೋಡೆಯ ಬಿರುಕಿಗೆ ಈ ಕುಸಿತ ಕಾರಣ ಆಗಿರಲಾರದು. ಬಾವಿಯ ವಿಷಯ ಬೇರೆ, ಅದಕ್ಕೆ ಆಮೇಲೆ ಬರುತ್ತೇನೆ.

ತಾರೀಕು ಹೊಂದಿಸುವಾಗ ಒಂದು ಗಮನ ಇರಲಿ. ಕಂಬ ತೆಗೆಯುತ್ತಿರುವಾಗ ಮತ್ತು ಮುಗಿದ ಕೆಲವು ತಿಂಗಳೊಳಗೆ ಹೆಚ್ಚಿನ ಕುಸಿತ ಆಗಿಹೋಗುತ್ತದೆ. ಆಮೇಲೆ ಒಂದೆರಡು ವರ್ಷ ಅಲ್ಪಸ್ವಲ್ಪ. ಆದರೆ ಕಂಬ ಬಿಟ್ಟು ಮುಚ್ಚಿದ ಹಳೇ ಗಣಿಗೆ ಈ ಲೆಕ್ಕ ಇಲ್ಲ. ಅಲ್ಲಿನ ಕಂಬ ಸವೆದು ಸವೆದು ದಶಕಗಳ ನಂತರವೂ ಕುಸಿಯಬಹುದು.

ಲಕ್ಷಣ: ಹೊಲದಲ್ಲಿ ಬಿರುಕು

ಇಲ್ಲೇ ಜಾಸ್ತಿ ತಪ್ಪಾಗುವುದು. ಆ ಭಾಗದಲ್ಲೂ ರಾಯಚೂರು, ಕಲಬುರಗಿಯ ಹಾಗೆ ಹತ್ತಿ ಬೆಳೆಯುವ ಎರೆಹೊಲಗಳಿವೆ. ಎರೆಮಣ್ಣು ಬೇಸಿಗೆಯಲ್ಲಿ ಬಿರಿಯುವುದು ನಮಗೆಲ್ಲ ಗೊತ್ತು. ಹಾಗಾದರೆ ಗಣಿಯ ಬಿರುಕನ್ನು ಗುರುತಿಸುವುದು ಹೇಗೆ?

ಎರೆಮಣ್ಣಿನ ಬಿರುಕು ಬಲೆಯಂತೆ ಇರುತ್ತದೆ. ನಾಲ್ಕೈದು ಮೂಲೆಯ ಹೆಂಟೆಗಳು, ಎಲ್ಲಾ ದಿಕ್ಕಿಗೂ ಕವಲು. ಬಾಯಿ ಅಗಲ, ಕೆಳಗೆ ಹೋದಂತೆ ಕಿರಿದು. ಎರಡೂ ಅಂಚು ಒಂದೇ ಮಟ್ಟದಲ್ಲಿರುತ್ತವೆ. ಬದು, ದಾರಿ, ಕಲ್ಲಿನ ನೆಲ ಬಂದ ಕಡೆ ನಿಂತುಹೋಗುತ್ತದೆ. ನಾಲ್ಕು ಒಳ್ಳೇ ಮಳೆ ಬಿದ್ದರೆ ಮುಚ್ಚಿಹೋಗುತ್ತದೆ.

ಗಣಿಯ ಬಿರುಕು ಗೆರೆ ಎಳೆದ ಹಾಗೆ ಉದ್ದಕ್ಕೆ ಸಾಗುತ್ತದೆ. ಪಕ್ಕದಲ್ಲೇ ಅದಕ್ಕೆ ಸಮಾನಾಂತರವಾಗಿ ಇನ್ನೊಂದೆರಡು ಇರಬಹುದು. ಇವನ ಹೊಲ, ಅವನ ಬದು, ಆಚೆಯ ಡಾಂಬರು ರಸ್ತೆ ಯಾವುದನ್ನೂ ನೋಡದೆ ದಾಟಿಕೊಂಡು ಹೋಗುತ್ತದೆ. ಬಗ್ಗಿ ನೋಡಿದರೆ ಒಂದು ಅಂಚು ಇನ್ನೊಂದಕ್ಕಿಂತ ತಗ್ಗು. ಕೆಲವು ಕಡೆ ಬೆರಳಷ್ಟು, ಕೆಲವು ಕಡೆ ಮೆಟ್ಟಿಲಷ್ಟು. ಮಳೆ ಬಂದರೆ ಮುಚ್ಚುವುದಿಲ್ಲ, ಮಣ್ಣನ್ನು ಒಳಗೆಳೆದುಕೊಂಡು ಇನ್ನೂ ಅಗಲ ಆಗುತ್ತದೆ. ಹೊಲಕ್ಕೆ ಬಿಟ್ಟ ನೀರು ಆ ಗೆರೆಗೆ ಬಂದು ಮಾಯವಾಗುತ್ತದೆ.

ಅನುಮಾನ ಇದ್ದರೆ ಬಿರುಕಿಗೆ ಅಡ್ಡಲಾಗಿ ಮೊಣಕಾಲಾಳದ ಕಂದಕ ತೋಡಿ. ಮೇಲಿನ ಮಣ್ಣು ದಾಟಿ ಕೆಳಗಿನ ಗರಸು ಅಥವಾ ಮೆತ್ತನೆ ಕಲ್ಲಿನಲ್ಲೂ ಬಿರುಕು ಮುಂದುವರಿದಿದ್ದರೆ ಅದು ಬಿಸಿಲಿನ ಕೆಲಸ ಅಲ್ಲ. ಬಿರುಕು ಅಗಲವಾಗಿದ್ದು ಅಂಚು ಅಲುಗುತ್ತಿದ್ದರೆ ಈ ಪರೀಕ್ಷೆ ಬಿಟ್ಟುಬಿಡಿ.

ಅಳೆಯುವುದಕ್ಕೆ ಬಿರುಕಿನ ಎರಡೂ ಬದಿ ಕಬ್ಬಿಣದ ಗೂಟ ಹೊಡೆದು, ತಲೆಯಿಂದ ತಲೆಗೆ ಟೇಪ್ ಹಿಡಿದು ವಾರಕ್ಕೊಮ್ಮೆ ಬರೆದುಕೊಳ್ಳಿ. ಮಟ್ಟ ನೋಡಲು ಮೇಸ್ತ್ರಿಗಳ ಟ್ಯೂಬ್ ಲೆವೆಲ್ ಸಾಕು. ಪಾರದರ್ಶಕ ಪೈಪಿನಲ್ಲಿ ಗಾಳಿಯ ಗುಳ್ಳೆ ಇಲ್ಲದಂತೆ ನೀರು ತುಂಬಿ, ಒಂದು ತುದಿ ದೂರದ ಗಟ್ಟಿ ಬಂಡೆಯ ಗುರುತಿಗೆ, ಇನ್ನೊಂದು ಗೂಟಕ್ಕೆ ಹಿಡಿಯಿರಿ. ಸೆಂಟಿಮೀಟರ್ ಮಟ್ಟದ ಕುಸಿತ ಇದರಲ್ಲೇ ಗೊತ್ತಾಗುತ್ತದೆ.

ಲಕ್ಷಣ: ಗೋಡೆ ಬಿರಿದಿದೆ

ಗೋಡೆ ಬಿರಿಯಲು ನೂರು ಕಾರಣ. ಕಿಟಕಿ ಮೂಲೆಯಿಂದ ಓರೆಯಾಗಿ ಹೊರಟು, ಮಳೆಗಾಲದಲ್ಲಿ ಕೂಡಿಕೊಂಡು ಬೇಸಿಗೆಯಲ್ಲಿ ತೆರೆದುಕೊಳ್ಳುವುದು ಹೆಚ್ಚಾಗಿ ಎರೆಮಣ್ಣಿನ ಪಾಯದ ಸಮಸ್ಯೆ. ಆರ್‌ಸಿಸಿ ಛಾವಣಿ ಗೋಡೆಗೆ ಕೂಡುವ ಜಾಗದಲ್ಲಿ ಅಡ್ಡಗೆರೆ ಬಂದಿದ್ದರೆ ಬಿಸಿಲಿಗೆ ಸ್ಲ್ಯಾಬ್ ಹಿಗ್ಗಿದ್ದು.

ತೆರೆದ ಗಣಿಯ ಸಿಡಿತವೂ ಗೋಡೆ ಅಲುಗಿಸುತ್ತದೆ. ಆದರೆ ಸಿಡಿತ ಮನೆಯನ್ನು ಒಂದು ಕಡೆಗೆ ವಾಲಿಸುವುದಿಲ್ಲ, ಅಂಗಳದ ನೆಲದಲ್ಲಿ ಮೆಟ್ಟಿಲು ಮಾಡುವುದಿಲ್ಲ. ಅನುಮಾನ ಇದ್ದರೆ ಕಂಪನ ಅಳತೆಯ ದಾಖಲೆ ಕೇಳಿ. ಗಣಿ ಸುರಕ್ಷತಾ ಮಹಾನಿರ್ದೇಶನಾಲಯದ 1997ರ ಸುತ್ತೋಲೆ ಪ್ರಕಾರ, ಗಣಿ ಮಾಲೀಕರದ್ದಲ್ಲದ ಸಾಮಾನ್ಯ ಮನೆಗಳಿಗೆ 8 ಹರ್ಟ್ಸ್‌ಗಿಂತ ಕಮ್ಮಿ ಆವರ್ತನದಲ್ಲಿ ನೆಲದ ಕಂಪನದ ವೇಗಕ್ಕೆ ಸೆಕೆಂಡಿಗೆ 5 ಮಿಲಿಮೀಟರ್ ಮಿತಿ.

ಕುಸಿತದ ಬಿರುಕು ಪಾಯದಿಂದಲೇ ಏಳುತ್ತದೆ. ಮನೆಯೊಳಗಿನ ಬಿರುಕು ಅಂಗಳದ ಬಿರುಕಿಗೆ, ಅದು ಪಕ್ಕದ ಮನೆಯ ಬಿರುಕಿಗೆ ಸಾಲಾಗಿ ಸೇರುತ್ತದೆ. ಬಾಗಿಲು ಚೌಕಟ್ಟಿಗೆ ಸಿಕ್ಕಿಕೊಳ್ಳುತ್ತದೆ. ತೂಗುಗುಂಡು ಬಿಟ್ಟರೆ ಗೋಡೆ ಓರೆ. ನೆಲದ ಮೇಲೆ ಗೋಲಿ ಇಟ್ಟರೆ ಪ್ರತಿ ಸಲ ಒಂದೇ ಕಡೆ ಉರುಳುತ್ತದೆ.

ಇನ್ನೊಂದು ಒಳ್ಳೇ ಸುಳಿವು ಕಟ್ಟಡದ ಉದ್ದ. ನೆಲ ಎಳೆದಾಗ ಉದ್ದದ ಕಟ್ಟಡಕ್ಕೇ ಪೆಟ್ಟು ಜಾಸ್ತಿ. ಮೀಟರಿಗೆ 3 ಮಿಲಿಮೀಟರ್ ಎಳೆತ ಬಂದರೆ 10 ಮೀಟರಿನ ಮನೆಯ ಕೆಳಗೆ ನೆಲ 3 ಸೆಂಟಿಮೀಟರ್ ಹಿಗ್ಗುತ್ತದೆ, 40 ಮೀಟರಿನ ಶಾಲೆಯ ಕೆಳಗೆ 12. ಬ್ರಿಟನ್ನಿನ ಗಣಿ ಎಂಜಿನಿಯರುಗಳ ವರ್ಗೀಕರಣದಲ್ಲಿ 3 ಸೆಂಟಿಮೀಟರಿನವರೆಗೆ ಗಾರೆಯಲ್ಲಿ ಕೂದಲೆಳೆ ಬಿರುಕು ಮಾತ್ರ, 12 ದಾಟಿದರೆ ತೀವ್ರ ಹಾನಿ, 18 ದಾಟಿದರೆ ಕಟ್ಟಡದ ಭಾಗವನ್ನಾದರೂ ಮತ್ತೆ ಕಟ್ಟಬೇಕು. ಒಂದೇ ಬೀದಿಯಲ್ಲಿ ಸಣ್ಣ ಮನೆಗಳು ಉಳಿದು, ಶಾಲೆ, ಉದ್ದನೆಯ ಕಾಂಪೌಂಡ್ ಗೋಡೆ ಬಿರಿದಿದ್ದರೆ ಕೆಳಗಿನ ಎಳೆತವನ್ನೇ ಮೊದಲು ಅನುಮಾನಿಸಿ.

ಬಿರುಕಿನ ಮೇಲೆ ತೆಳು ಗಾಜಿನ ಪಟ್ಟಿಯನ್ನು ಎರಡೂ ಬದಿಗೆ ಸಿಮೆಂಟಿನಿಂದ ಅಂಟಿಸಿ, ಪಕ್ಕದಲ್ಲಿ ತಾರೀಕು ಬರೆಯಿರಿ. ಗಾಜು ಒಡೆದರೆ ಗೋಡೆ ಇನ್ನೂ ಚಲಿಸುತ್ತಿದೆ. ಒಡೆದ ದಿನವನ್ನೂ ಬರೆಯಿರಿ.

ಲಕ್ಷಣ: ಬಾವಿ, ಬೋರ್‌ವೆಲ್ ಬತ್ತಿದೆ

ಬಾವಿಯ ವಿಷಯದಲ್ಲಿ ನಾಲ್ಕು ಕಾರಣ ಒಂದರ ಮೇಲೊಂದು ಕೂತಿರಬಹುದು: ಮಳೆ ಕಮ್ಮಿ, ಸುತ್ತ ಬೋರ್‌ವೆಲ್ ಜಾಸ್ತಿ, ಗಣಿಯ ಪಂಪು, ಬಂಡೆ ಬಿರಿದದ್ದು.

ಮೊದಲೆರಡನ್ನು ಪಕ್ಕಕ್ಕಿಡಲು ಹೋಲಿಕೆಯ ಬಾವಿ ಬೇಕು. ಗಣಿಯಿಂದ ಸಾಕಷ್ಟು ದೂರದ, ಅದೇ ಬಗೆಯ ಕಲ್ಲಿನಲ್ಲಿರುವ ಎರಡು ಮೂರು ಬಾವಿ ಆರಿಸಿ. ಬೆಳಿಗ್ಗೆ ಪಂಪು ಹಾಕುವ ಮುಂಚೆ ಹಗ್ಗಕ್ಕೆ ತೂಕ ಕಟ್ಟಿ ಇಳಿಸಿ, ಕಟ್ಟೆಯಿಂದ ನೀರಿಗೆ ಎಷ್ಟು ದೂರ ಅಂತ ಅಳೆಯಿರಿ. ಎಲ್ಲಾ ಬಾವಿಗೂ ಒಂದೇ ದಿನ ಅಳತೆ ಆಗಬೇಕು. ಹಳೇ ವರ್ಷಗಳಿಗೆ ಕೇಂದ್ರ ಅಂತರ್ಜಲ ಮಂಡಳಿಯ ವೀಕ್ಷಣಾ ಬಾವಿಗಳ ಅಂಕಿ ಸಿಗುತ್ತದೆ. ಅವರು ವರ್ಷಕ್ಕೆ ನಾಲ್ಕು ಸಲ ಅಳೆಯುತ್ತಾರೆ. ದೂರದ ಬಾವಿಗಳೂ ಅಷ್ಟೇ ಇಳಿದಿದ್ದರೆ ಕಾರಣ ಮಳೆ ಅಥವಾ ಬೋರ್‌ವೆಲ್. ಆಗ ಗಣಿಯ ಮೇಲೆ ಹೊರಿಸಿ ಫಲವಿಲ್ಲ.

ಗಣಿಯ ಪಂಪು ಬೇರೆ ತರಹ. ಒಳಗೆ ಕೆಲಸ ನಡೆಯಬೇಕಾದರೆ ನೀರನ್ನು ಹಗಲು ರಾತ್ರಿ ಎತ್ತಿ ಹಾಕಲೇಬೇಕು. ಅದರಿಂದ ಸುತ್ತಲ ಅಂತರ್ಜಲ ನಿಧಾನವಾಗಿ, ವರ್ಷಗಟ್ಟಲೆ ಇಳಿಯುತ್ತದೆ. ಕುಸಿತದ ವಲಯದ ಆಚೆಗೂ ಇದು ಮುಟ್ಟುತ್ತದೆ. ಗೋಡೆಗೆ ಹಾಕಿದ ದೂರದ ಮಿತಿ ಬಾವಿಗೆ ಸಲ್ಲುವುದಿಲ್ಲ ಅಂದದ್ದು ಅದಕ್ಕೇ. ನೆಲ ಬಿರಿಯದೆ, ಗೋಡೆ ಅಲುಗದೆ, ಗಣಿಯ ದಿಕ್ಕಿನ ಬಾವಿಗಳು ಒಂದಾದ ಮೇಲೊಂದು ಆಳಕ್ಕಿಳಿದರೆ ಪಂಪಿನ ಕಡೆ ನೋಡಿ.

ಬಂಡೆ ಬಿರಿದದ್ದಾದರೆ ನೀರು ಇಳಿಯುವುದು ದಿನಗಳ, ವಾರಗಳ ಲೆಕ್ಕದಲ್ಲಿ. ಕೆಲಸ ನಿಮ್ಮ ಬಾವಿಯ ಕಡೆ ಬರುವ ಮುಂಚೆಯೇ ಇಳಿಯಲು ಶುರುವಾಗಿ, ಕೆಳಗೆ ಬಂದಾಗ ತಳ ಕಾಣಬಹುದು. ಪಂಪು ಹಾಕದ ರಾತ್ರಿಯೂ ಮಟ್ಟ ಇಳಿಯುತ್ತದೆ. ಮುಂಚೆ ಒಂದು ರಾತ್ರಿಗೆ ಊರಿ ಬರುತ್ತಿದ್ದ ನೀರು ಈಗ ಬರುವುದಿಲ್ಲ. ಬಾವಿಯ ಒಳಗೋಡೆಯ ಕಲ್ಲು ಒಂದೇ ಮಟ್ಟದಲ್ಲಿ ಸುತ್ತಲೂ ಜಾರಿರುತ್ತದೆ. ಬೋರ್‌ವೆಲ್‌ನಲ್ಲಿ ಇನ್ನೂ ಸ್ಪಷ್ಟ: ಮೋಟರ್ ರಿಪೇರಿಗೆ ಎತ್ತಲು ಹೋದರೆ ಯಾವುದೋ ಒಂದು ಆಳದಲ್ಲಿ ಸಿಕ್ಕಿಕೊಳ್ಳುತ್ತದೆ. ಬಂಡೆಯ ಪದರಗಳು ಒಂದರ ಮೇಲೊಂದು ಅಡ್ಡಕ್ಕೆ ಸರಿದು ಕೊಳವೆಯನ್ನು ಸೊಟ್ಟ ಮಾಡಿರುತ್ತವೆ. ಮೋಟರ್ ಎತ್ತಿದವರಿಂದ ಆ ಆಳವನ್ನು ಬರೆಸಿಕೊಂಡು ಸಹಿ ಹಾಕಿಸಿಕೊಳ್ಳಿ. ಬರಗಾಲ ಯಾವ ಬೋರ್‌ವೆಲ್ ಕೊಳವೆಯನ್ನೂ ಸೊಟ್ಟ ಮಾಡುವುದಿಲ್ಲ.

ಕುಸಿತದಿಂದ ಬತ್ತಿದ ಬಾವಿಗಳಲ್ಲಿ ಕೆಲವು ವಾಪಸ್ ಬರುತ್ತವೆ. ಕೆಲಸ ಮುಂದಕ್ಕೆ ಹೋದ ಮೇಲೆ ನೆಲ ಮತ್ತೆ ಒತ್ತಿಕೊಂಡು ಬಿರುಕು ಮುಚ್ಚಿದರೆ ನೀರು ನಿಲ್ಲುತ್ತದೆ. ಹಾಗಾಗಿ ಅಳತೆ ನಿಲ್ಲಿಸಬೇಡಿ, ಕನಿಷ್ಠ ಒಂದು ಪೂರ್ತಿ ಮಳೆಗಾಲ ದಾಟಿಸಿ.

ಲಕ್ಷಣ: ಕೆರೆ ನಿಲ್ಲುತ್ತಿಲ್ಲ, ಹೊಲದಲ್ಲಿ ನೀರು ನಿಲ್ಲುತ್ತಿದೆ

ನದಿ, ಕಾಲುವೆ, ಕೆರೆಗಳ ನೇರ ಕೆಳಗೂ, ಅವುಗಳ ಅಂಚಿನಿಂದ 15 ಮೀಟರಿನೊಳಗೂ ಅನುಮತಿ ಇಲ್ಲದೆ ಗಣಿ ಕೆಲಸ ಮಾಡುವಂತಿಲ್ಲ. ಈ ನಿಯಮ ಯಾಕೆ ಬೇಕು ಅನ್ನುವುದಕ್ಕೆ ಒಂದು ದುರಂತ ಸಾಕು. 1995ರ ಸೆಪ್ಟೆಂಬರಿನಲ್ಲಿ ಝರಿಯಾ ಸೀಮೆಯ ಗಸ್ಲಿಟಾಂಡ್ ಗಣಿಗೆ ಕತ್ರಿ ನದಿಯ ನೀರು ನುಗ್ಗಿ 64 ಕಾರ್ಮಿಕರು ಸತ್ತರು. ಕೆರೆ ಸೋರುತ್ತಿದ್ದರೆ ಅದು ಮೇಲಿನ ರೈತರ ಕಷ್ಟ ಮಾತ್ರ ಅಲ್ಲ, ಕೆಳಗಿರುವವರ ಜೀವದ ಪ್ರಶ್ನೆಯೂ ಹೌದು. ಅಂದೇ ತಿಳಿಸಿ.

ಏರಿ, ತೂಬು, ಕೋಡಿ ಮೊದಲು ನೋಡಿ. ಅಲ್ಲಿ ಸೋರಿಕೆ ಇಲ್ಲದೆ, ಆವಿಗಿಂತ ವೇಗವಾಗಿ ನೀರು ಇಳಿಯುತ್ತಿದ್ದರೆ, ನೀರು ತಗ್ಗಿದ ಮೇಲೆ ಕೆರೆಯಂಗಳದಲ್ಲಿ ಉದ್ದದ ಬಿರುಕು ಹುಡುಕಿ. ಕೋಡಿಯ ಮಟ್ಟವೇ ಇಳಿದು ಕೆರೆ ಬೇಗ ತುಂಬಿ ಹರಿಯುವುದೂ ಉಂಟು. ಗದ್ದೆಯಲ್ಲಿ ನೀರು ಒಂದೇ ಮೂಲೆಗೆ ಸೇರಿ ಇನ್ನೊಂದು ಮೂಲೆ ಒಣಗುತ್ತಿದ್ದರೆ, ಟ್ಯೂಬ್ ಲೆವೆಲ್ ಹಿಡಿದು ನಾಲ್ಕು ಮೂಲೆ ಅಳೆದರೆ ಗೊತ್ತಾಗುತ್ತದೆ.

ಲಕ್ಷಣ: ದಿಢೀರ್ ಗುಂಡಿ

ಇದು ಹೆಚ್ಚಾಗಿ ಕಮ್ಮಿ ಆಳದ ಹಳೇ ಗಣಿಗಳ ಕಾಯಿಲೆ. ಪಶ್ಚಿಮ ಬಂಗಾಳದ ರಾಣಿಗಂಜಿನಲ್ಲಿ 1774ರಿಂದ ಕಲ್ಲಿದ್ದಲು ತೆಗೆದಿದ್ದಾರೆ. ಎಷ್ಟೋ ಹಳೇ ಗಣಿಗಳಿಗೆ ನಂಬುವಂಥ ನಕ್ಷೆಯೇ ಇಲ್ಲ. ಗ್ಯಾಲರಿಯ ಛಾವಣಿ ಚೂರು ಚೂರೇ ಉದುರಿ, ಪೊಳ್ಳು ಮೇಲೇರಿ, ಮಳೆಗಾಲದಲ್ಲಿ ಮಣ್ಣು ಭಾರವಾದಾಗ ಮೇಲೆ ಬಾಯಿ ಬಿಡುತ್ತದೆ. ಮುಂಚಿತ ಸೂಚನೆ ಕಮ್ಮಿ. ನೆಲದಲ್ಲಿ ದುಂಡನೆ ತಗ್ಗು, ಅದರ ಸುತ್ತ ಬಳೆಯಾಕಾರದ ಬಿರುಕು, ಮಳೆ ನೀರು ಅಲ್ಲೇ ಇಂಗಿಹೋಗುವುದು ಕಂಡರೆ ಕಾಯಬೇಡಿ.

ಲಕ್ಷಣ: ನೀರಿನ ರುಚಿ, ಬಣ್ಣ ಬದಲಾಗಿದೆ

ಸಿಂಗರೇಣಿ, ಝರಿಯಾ, ರಾಣಿಗಂಜಿನ ಕಲ್ಲಿದ್ದಲಿನಲ್ಲಿ ಗಂಧಕ ಕಮ್ಮಿ. ಹಾಗಾಗಿ ಗಣಿ ನೀರು ಸಾಮಾನ್ಯವಾಗಿ ಹುಳಿ ಆಗುವುದಿಲ್ಲ, ಗಡಸಾಗುತ್ತದೆ. ಸಲ್ಫೇಟ್ ಮತ್ತು ಕರಗಿದ ಲವಣ ಏರುತ್ತವೆ. ಬೇಳೆ ಬೇಯುವುದಿಲ್ಲ, ಸಾಬೂನು ನೊರೆ ಬರುವುದಿಲ್ಲ. ಮೇಘಾಲಯದ ಜೈಂತಿಯಾ ಬೆಟ್ಟದ ಕಥೆ ಬೇರೆ. ಅಲ್ಲಿ ಗಂಧಕ ಜಾಸ್ತಿ, ಹೊಳೆಗಳೇ ಆಮ್ಲವಾಗಿವೆ. ಲ್ಯಾಬಿಗೆ ಕೊಡುವಾಗ ಪಿಎಚ್, ಕರಗಿದ ಲವಣ, ಗಡಸುತನ, ಸಲ್ಫೇಟ್, ಕಬ್ಬಿಣ ಕೇಳಿ. ಕುಡಿಯುವ ನೀರಿಗೆ ಭಾರತೀಯ ಮಾನಕದಲ್ಲಿ ಪಿಎಚ್ 6.5ರಿಂದ 8.5, ಸಲ್ಫೇಟ್ ಲೀಟರಿಗೆ 200 ಮಿಲಿಗ್ರಾಂ, ಬೇರೆ ನೀರೇ ಇಲ್ಲದಿದ್ದರೆ 400. ಹೋಲಿಕೆಯ ಬಾವಿಯ ನೀರನ್ನೂ ಜೊತೆಗೇ ಕೊಡಿ, ಇಲ್ಲದಿದ್ದರೆ ಅಂಕಿ ಏನನ್ನೂ ಹೇಳುವುದಿಲ್ಲ.

ಪತ್ತೆಯಾದ ಮೇಲೆ

ಬಿರುಕಿಗೆ ಮೇಲಿಂದ ಒಂದು ಬುಟ್ಟಿ ಮಣ್ಣು ಸುರಿದರೆ ಮುಂದಿನ ಮಳೆಗೆ ಅದೂ ಹೋಗುತ್ತದೆ. ಬಾಯಿಯನ್ನು ಅಗಲ ಮಾಡಿ, ಕೆಳಗೆ ದಪ್ಪ ಕಲ್ಲು, ಮೇಲೆ ಜಲ್ಲಿ, ಅದರ ಮೇಲೆ ಜೇಡಿಮಣ್ಣನ್ನು ಪದರ ಪದರವಾಗಿ ದಮ್ಮಸ್ಸು ಮಾಡಿ, ಕೊನೆಗೆ ಸ್ವಲ್ಪ ಉಬ್ಬು ಬಿಡಬೇಕು. ಈ ಕೆಲಸ ಮಾಡಬೇಕಾದವರು ಗಣಿಯವರು. ಮಳೆಗೆ ಮುಂಚೆ ಮಾಡಿಸಿ, ನೆಲ ಇನ್ನೂ ಇಳಿಯುತ್ತಿದ್ದರೆ ಮಳೆ ಮುಗಿದ ಮೇಲೆ ಮತ್ತೊಮ್ಮೆ ಮಾಡಿಸಿ. ಮುಚ್ಚುವ ಮುಂಚೆ ಅಳತೆ ಮತ್ತು ಫೋಟೋ ಆಗಿರಲಿ.

ಅರ್ಜಿಯನ್ನು ಒಬ್ಬೊಬ್ಬರೇ ಹಾಕಬೇಡಿ. ಇಡೀ ಸಾಲಿನ ನಕ್ಷೆಯೊಂದಿಗೆ ಒಟ್ಟಿಗೆ ಹಾಕಿ. ಗಣಿ ಮ್ಯಾನೇಜರ್, ಜಿಲ್ಲಾಧಿಕಾರಿ, ಗಣಿ ಸುರಕ್ಷತಾ ಮಹಾನಿರ್ದೇಶನಾಲಯದ ವಲಯ ಕಚೇರಿ, ಮೂವರಿಗೂ ಪ್ರತಿ ಹೋಗಲಿ. “ಮನೆ ಬಿರಿದಿದೆ, ಪರಿಹಾರ ಕೊಡಿ” ಅಂತ ಮಾತ್ರ ಬರೆದರೆ ಉತ್ತರ ಬರುವುದು ಕಷ್ಟ. “ಇಂಥ ಸರ್ವೆ ನಂಬರಿನಲ್ಲಿ, ಇಂಥ ತಾರೀಕಿಗೆ, ಇಷ್ಟು ಉದ್ದದ ಬಿರುಕು, ಕೆಳಗೆ ಇಂಥ ಪ್ಯಾನಲಿನಲ್ಲಿ ಇಂಥ ತಿಂಗಳು ಕಂಬ ತೆಗೆದಿದ್ದೀರಿ” ಅಂತ ಬರೆದರೆ ಉತ್ತರ ಕೊಡಲೇಬೇಕಾಗುತ್ತದೆ.

ಬಾವಿ ಬತ್ತಿದ ಗಾಬರಿಯಲ್ಲಿ ಸಾಲ ಮಾಡಿ ಇನ್ನೂ ಆಳ ಮಾಡಿಸಲು ಹೋಗಬೇಡಿ. ಕೆಳಗಿನ ಬಂಡೆ ಗಣಿಯವರೆಗೆ ಬಿರಿದಿದ್ದರೆ, ಆಳ ಮಾಡಿದಷ್ಟೂ ಉಳಿದ ನೀರಿಗೆ ಗಣಿಯ ದಾರಿ ತೆರೆದಂತಾಗುತ್ತದೆ. ಪತ್ತೆ ಮುಗಿಯುವ ತನಕ ಕುಡಿಯುವ ನೀರನ್ನು ಟ್ಯಾಂಕರಿನಲ್ಲಿ ಕೊಡಬೇಕು ಅಂತ ಅದೇ ಅರ್ಜಿಯಲ್ಲಿ ಬರೆಯಿರಿ. ಹೊಸ ಬೋರ್‌ವೆಲ್ ಕೊರೆಸಲೇಬೇಕಾದರೆ ಕುಸಿತದ ವಲಯದ ಆಚೆ, ಹೋಲಿಕೆಗೆ ಇಟ್ಟುಕೊಂಡಿದ್ದ ಬಾವಿಗಳ ಕಡೆ ಜಾಗ ನೋಡಿ.